ಸೆಲ್ಫ್ ಹೊಡೆಯುವ ಮುನ್ನ

ಆಯುಧಪೂಜೆ ಹತ್ತಿರವಾದಂತೆ ಶೆಡ್ಡಿನಲ್ಲಿ ಮುಸುಕು ಹೊದ್ದು ನಿಂತ ಹಳೆಯ ಕಾರಿನ ನೆನಪಾಗುತ್ತದೆ. ಪೂಜೆಗಾದರೂ ಒಮ್ಮೆ ಸ್ಟಾರ್ಟ್ ಮಾಡೋಣವೆಂದು ಹೊಸ ಬ್ಯಾಟರಿ ತಂದು ಕೂರಿಸಿ, ಸೀದಾ ಸೆಲ್ಫ್ ಹೊಡೆಯುತ್ತಾರೆ. ವರ್ಷಗಟ್ಟಲೆ ಸುಮ್ಮನೆ ನಿಂತ ಇಂಜಿನ್ನಿಗೆ ಪೆಟ್ಟು ಬೀಳುವುದು ಆಗಲೇ. ಹಾಗಾಗಿ ಈ ವಾರ, ಸೆಲ್ಫಿಗೆ ಮುಂಚೆ ಮಾಡಬೇಕಾದ ಕೆಲಸ ಮತ್ತು ಸ್ಟಾರ್ಟ್ ಆಗದಿದ್ದರೆ ಕಾರಣ ಹುಡುಕುವ ಕ್ರಮ.

ಉದಾಹರಣೆಗೆ ನಮ್ಮಲ್ಲಿ ಎಲ್ಲರೂ ಫಿಯೆಟ್ ಎಂದೇ ಕರೆಯುವ ಪ್ರೀಮಿಯರ್ ಪದ್ಮಿನಿಯನ್ನು ತೆಗೆದುಕೊಳ್ಳೋಣ. ಮುಂಬಯಿಯ ಕುರ್ಲಾದಲ್ಲಿ ತಯಾರಾಗಿ, 1974ರಲ್ಲಿ ಈ ಹೆಸರು ಪಡೆದ ಕಾರು. 1089 ಸಿಸಿ, ನಾಲ್ಕು ಸಿಲಿಂಡರ್. ಕಾರ್ಬೊರೇಟರ್, ಪಾಯಿಂಟ್ಸ್, ಇಂಜಿನ್ನೇ ನಡೆಸುವ ಪೆಟ್ರೋಲ್ ಪಂಪು. ಕಂಪ್ಯೂಟರಿನ ಗೊಡವೆಯಿಲ್ಲದ ಇಂಥ ಇಂಜಿನ್ನಿನ ದೋಷವನ್ನು ಕಣ್ಣು, ಕೈ, ಮೂಗುಗಳಿಂದಲೇ ಹಿಡಿಯಬಹುದು. ಅದು ಓಡಲು ಬೇಕಾದ್ದು ನಾಲ್ಕು: ಸಲೀಸಾಗಿ ತಿರುಗಬೇಕು, ಪ್ಲಗ್ಗಿಗೆ ಕರೆಂಟ್ ಬರಬೇಕು, ಪೆಟ್ರೋಲ್ ತಲುಪಬೇಕು, ಕಂಪ್ರೆಷನ್ ನಿಲ್ಲಬೇಕು. ಒಂದು ಖಾತ್ರಿಯಾಗದೆ ಮುಂದಿನದಕ್ಕೆ ಹೋಗಬಾರದು.

ಮೊದಲು, ತಿರುಗುತ್ತದೆಯೇ? ಇಂಜಿನ್ ಯಾವ ಸ್ಥಿತಿಯಲ್ಲಿ ನಿಂತಿದ್ದರೂ ಯಾವುದೋ ಒಂದು ಸಿಲಿಂಡರಿನ ವಾಲ್ವ್ ತೆರೆದೇ ಇರುತ್ತದೆ. ಮಳೆಗಾಲದ ತೇವ ಆ ದಾರಿಯಲ್ಲಿ ಒಳಗಿಳಿದು, ರಿಂಗುಗಳು ತುಕ್ಕು ಹಿಡಿದು ಸಿಲಿಂಡರಿಗೆ ಕಚ್ಚಿಕೊಳ್ಳುತ್ತವೆ. ಕರಾವಳಿ, ಮಲೆನಾಡಿನ ಕಾರುಗಳಿಗೆ ಈ ಕಾಟ ಹೆಚ್ಚು. ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಹೆಚ್ಚಾದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆಯೆಂದೇ ಅರ್ಥ, ಅದು ಎಲ್ಲಿಂದ ಬಂತೆಂದು ತಿಳಿಯುವವರೆಗೆ ಮುಂದುವರಿಯಬೇಡಿ. ಏರ್ ಫಿಲ್ಟರ್ ತೆರೆದು ಇಲಿ ಗೂಡು ಕಟ್ಟಿದೆಯೇ, ವೈರುಗಳನ್ನು ಕಡಿದಿದೆಯೇ ನೋಡಿ. ಪ್ಲಗ್ಗುಗಳನ್ನು ಬಿಚ್ಚಿ ಒಂದೊಂದು ಸಿಲಿಂಡರಿಗೂ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ರಾತ್ರಿಯಿಡೀ ಹಾಗೇ ಇಡಿ. ಬೆಳಿಗ್ಗೆ, ಬ್ರೇಕು ಕಚ್ಚಿಕೊಂಡಿಲ್ಲವೆಂದು ಖಾತ್ರಿಯಾದ ಮೇಲೆ, ನಾಲ್ಕನೇ ಗೇರಿಗೆ ಹಾಕಿ ಸಮತಟ್ಟು ನೆಲದಲ್ಲಿ ಕಾರನ್ನು ಮೆಲ್ಲಗೆ ಹಿಂದೆ ಮುಂದೆ ತಳ್ಳಿ. ತಿರುಗದಿದ್ದರೆ ಮತ್ತೆ ಆಯಿಲ್ ಬಿಟ್ಟು ಇನ್ನಷ್ಟು ದಿನ ಕಾಯಿರಿ. ಇಲ್ಲಿ ಬಲ ತೋರಿಸಿದರೆ ರಿಂಗು ಮುರಿಯುತ್ತದೆ, ಅಂಟಿದ ವಾಲ್ವಿನಿಂದ ಪುಶ್‌ರಾಡ್ ಬಾಗುತ್ತದೆ. ತಿರುಗಿತೆಂದಾದರೆ ಕಾಯಿಲ್ ವೈರ್ ಕಳಚಿ, ಗೇರನ್ನು ನ್ಯೂಟ್ರಲಿಗೆ ತಂದು, ಪ್ಲಗ್ಗುಗಳಿಲ್ಲದೆಯೇ ಆಯಿಲ್ ಲೈಟ್ ಆರುವವರೆಗೆ ಬಿಟ್ಟು ಬಿಟ್ಟು ಸೆಲ್ಫ್ ಹೊಡೆಯಿರಿ. ಕಂಪ್ರೆಷನ್ನಿನ ಭಾರವಿಲ್ಲದ ಹೊತ್ತಿನಲ್ಲಿ ಒಣಗಿದ ಬೇರಿಂಗುಗಳಿಗೆ ಆಯಿಲ್ ಮುಟ್ಟುತ್ತದೆ.

ಬರೀ ಟಕ್ ಎಂದು ಸದ್ದಾಗಿ ಸೆಲ್ಫ್ ತಿರುಗದಿದ್ದರೆ ಮೀಟರ್ ಹಿಡಿಯಿರಿ. ಪೂರ್ತಿ ಚಾರ್ಜಾದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ; ಸೆಲ್ಫ್ ಹೊಡೆಯುವಾಗ ಸುಮಾರು 10ಕ್ಕಿಂತ ಕೆಳಗಿಳಿಯಬಾರದು. ಬ್ಯಾಟರಿ ಚೆನ್ನಾಗಿದ್ದರೆ ಇಂಜಿನ್ನಿಗೂ ಬಾಡಿಗೂ ನಡುವಿನ ಅರ್ತ್ ಪಟ್ಟಿಯ ತುಕ್ಕು ಕೆರೆಯಿರಿ.

ಎರಡನೆಯದು, ಕರೆಂಟು. ಕಳಚಿದ್ದ ಕಾಯಿಲ್ ವೈರನ್ನು ಮತ್ತೆ ಜೋಡಿಸಿ, ಒಂದು ಪ್ಲಗ್ಗನ್ನು ವೈರಿಗೆ ಸಿಕ್ಕಿಸಿ, ಅದರ ಮೈಯನ್ನು ಇಂಜಿನ್ನಿಗೆ ತಾಗಿಸಿಟ್ಟು, ಪೆಟ್ರೋಲನ್ನು ದೂರವಿರಿಸಿ, ಸೆಲ್ಫ್ ಹೊಡೆಸಿ ನೋಡಿ. ನೀಲಿ ಕಿಡಿ ಚಟ್ಟೆಂದು ಹಾರಬೇಕು. ಹಳದಿಯಾಗಿ ಸೊರಗಿದ್ದರೆ, ಅಥವಾ ಬಾರದೇ ಇದ್ದರೆ, ಮೊದಲ ಅನುಮಾನ ಪಾಯಿಂಟ್ಸಿನ ಮೇಲೆ. ನಿಂತ ಕಾರಿನಲ್ಲಿ ಅದರ ಮುಖಕ್ಕೆ ತೆಳುವಾದ ಕಿಲುಬು ಕಟ್ಟುತ್ತದೆ. ನಯವಾದ ಎಮರಿ ಕಾಗದದಿಂದ ಉಜ್ಜಿ, ಒಣ ಬಟ್ಟೆಯಿಂದ ಒರೆಸಿ, ಅಂತರವನ್ನು 0.45 ಮಿ.ಮೀ. ಆಸುಪಾಸಿಗೆ ಹೊಂದಿಸಿ. ನಾನು ಕಂಡ ನಿಂತ ಫಿಯೆಟ್‌ಗಳ ಪೈಕಿ ಬಹಳಷ್ಟು ಇಷ್ಟಕ್ಕೇ ಎದ್ದಿವೆ. ಡಿಸ್ಟ್ರಿಬ್ಯೂಟರ್ ಕ್ಯಾಪಿನೊಳಗಿನ ತೇವ ಒರೆಸಿ. ವೈರುಗಳನ್ನು ಮತ್ತೆ ಸಿಕ್ಕಿಸುವಾಗ 1-3-4-2ರ ವರಸೆ ತಪ್ಪಬಾರದು. ತಪ್ಪಿದರೆ ಕಾರ್ಬೊರೇಟರಿನತ್ತ ಬೆಂಕಿ ಉಗುಳುತ್ತದೆ.

ಮೂರನೆಯದು, ಪೆಟ್ರೋಲು. ಟ್ಯಾಂಕಿನ ಮುಚ್ಚಳ ತೆರೆದು ಮೂಸಿ. ಹಳತಾದ ಪೆಟ್ರೋಲಿನ ವಾಸನೆ ಹುಳಿಯಾಗಿ, ವಾರ್ನಿಷ್ಷಿನಂತಿರುತ್ತದೆ. ಅದರ ಅಂಟು ಕಾರ್ಬೊರೇಟರಿನ ಜೆಟ್ಟುಗಳನ್ನು ಮುಚ್ಚುತ್ತದೆ. ಈಗಿನ ಪೆಟ್ರೋಲಿನಲ್ಲಿ ಶೇ 20ರವರೆಗೂ ಎಥನಾಲ್ ಇರುವುದರಿಂದ ಅದು ಗಾಳಿಯ ತೇವ ಹೀರುತ್ತದೆ. ಹೀರಿದ್ದು ಹೆಚ್ಚಾದಾಗ ನೀರೂ ಎಥನಾಲೂ ಒಟ್ಟಾಗಿ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಪಂಪು ಎಳೆಯುವುದು ಆ ತಳದಿಂದಲೇ. ಆ ಕಾಲದ ಪಂಪಿನ ಡಯಾಫ್ರಾಮ್, ರಬ್ಬರ್ ಪೈಪುಗಳು ಎಥನಾಲ್ ತಾಳುವಂತೆ ತಯಾರಾದವಲ್ಲ. ಹಾಗಾಗಿ ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿ, ಮೊದಲ ಸಲ ಪಂಪಿಗೆ ಪ್ರತ್ಯೇಕ ಕ್ಯಾನಿನಿಂದ ಹೊಸ ಪೆಟ್ರೋಲ್ ಕೊಡಿ.

ಕರೆಂಟು, ಪೆಟ್ರೋಲುಗಳಲ್ಲಿ ತಪ್ಪು ಯಾವುದರದ್ದೆಂದು ತೀರ್ಮಾನವಾಗದಿದ್ದರೆ ಒಂದು ಪರೀಕ್ಷೆಯಿದೆ. ಕಾರ್ಬೊರೇಟರಿನ ಬಾಯಿಗೆ ಒಂದು ಚಮಚ ಪೆಟ್ರೋಲ್ ಬಿಟ್ಟು, ಬಾಟಲಿಯನ್ನು ದೂರವಿಟ್ಟು, ಏರ್ ಫಿಲ್ಟರ್ ಮುಚ್ಚಿದ ಮೇಲೆ ಸೆಲ್ಫ್ ಹೊಡೆಯಿರಿ. ಒಂದೆರಡು ಕ್ಷಣ ಓಡಿ ನಿಂತರೆ ಕರೆಂಟು ಸರಿಯಿದೆ, ಪೆಟ್ರೋಲ್ ಬರುತ್ತಿಲ್ಲ. ಉಸಿರೇ ಬಿಡದಿದ್ದರೆ ಮತ್ತೆ ಕರೆಂಟಿಗೇ ಹೋಗಿ. ಕಿಡಿಯೂ ಟೈಮಿಂಗೂ ಸರಿಯಿದ್ದರೆ ಉಳಿಯುವುದು ಕಂಪ್ರೆಷನ್. ಗೇಜ್ ಇಟ್ಟು ಅಳೆಯಿರಿ; ಕಡಿಮೆ ಬಂದ ಸಿಲಿಂಡರಿಗೆ ಸ್ವಲ್ಪ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಏರಿದರೆ ದೋಷ ರಿಂಗಿನದು. ಏರದಿದ್ದರೆ ಬಹುಪಾಲು ವಾಲ್ವಿನದು.

ಸ್ಟಾರ್ಟ್ ಆದೊಡನೆ ಆಕ್ಸಿಲರೇಟರ್ ಒತ್ತಬೇಡಿ. ಆಯಿಲ್ ಲೈಟ್ ಕೆಲವೇ ಸೆಕೆಂಡಿನಲ್ಲಿ ಆರಬೇಕು. ಆರದಿದ್ದರೆ ತಕ್ಷಣ ಆಫ್ ಮಾಡಿ. ಬ್ರೇಕಿನ ವೀಲ್ ಸಿಲಿಂಡರುಗಳನ್ನು ಬಿಚ್ಚಿ ನೋಡದೆ ರಸ್ತೆಗಿಳಿಯಲೇಬೇಡಿ.

ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಫಲವನ್ನು ಬರೆದಿಡಿ ಎಂಬುದು ನನ್ನ ಒತ್ತಾಯ. ಪ್ಲಗ್, ಪಾಯಿಂಟ್ಸ್, ಕಂಡೆನ್ಸರ್, ಕಾಯಿಲ್ ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಕಾರು ಎದ್ದೀತು, ಯಾವುದರಿಂದ ಎದ್ದಿತೆಂದು ತಿಳಿಯದು. ನಾಳೆ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಅದೇ ಕಾರು ನಿಂತಾಗ ಕೈಗೆ ಬರುವುದು ಈ ತಿಳಿವಳಿಕೆ ಮಾತ್ರ.