ಅತ್ತೆಗೂ ಒಂದು ಕಾಲ

ಬ್ಯಾಲೆಯಲ್ಲಿ ಅತ್ತೆಯನ್ನು ತೋರಿಸಲಾಗದು ಎಂದು ನೃತ್ಯ ಸಂಯೋಜಕ ಜಾರ್ಜ್ ಬ್ಯಾಲಂಚೀನ್ ಹೇಳಿದ್ದು ಈಗ ವೇದವಾಕ್ಯವಾಗಿಬಿಟ್ಟಿದೆ. ಒಂದು ಗಂಡು ಒಂದು ಹೆಣ್ಣು ರಂಗಕ್ಕೆ ಬಂದರೆ ಪ್ರೀತಿ ತಾನಾಗಿ ಕಾಣುತ್ತದೆ, ಆದರೆ ಇವಳು ಅವನ ಹೆಂಡತಿಯ ತಾಯಿ ಎಂದು ಯಾವ ಹೆಜ್ಜೆಯೂ ಹೇಳಲಾರದು ಎಂಬುದು ವಾದ. ಮೊನ್ನೆ ಬೆಂಗಳೂರಿನಲ್ಲಿ ‘ಜಿಸೆಲ್’ ಬ್ಯಾಲೆಯ ಚಿತ್ರಿಕೆ ನೋಡಿ ಹೊರಬರುವಾಗ ಗೆಳೆಯರೊಬ್ಬರು ಇದನ್ನೇ ಒಪ್ಪಿಸಿದರು. “ಕಥೆ ಬಿಡಿ, ಅದೊಂದು ನೆಪ. ಮೈಯ ಗೆರೆ ನೋಡಿ.” ನನಗೆ ರೇಗಿತು. ಮನೆ ಸೇರಿದರೂ ಆ ಸಿಟ್ಟು ಇಳಿಯಲಿಲ್ಲ.

ಕಥೆ ಹೇಳುವ ಅಂಗವನ್ನು ಕಿತ್ತುಹಾಕಿದವರೇ ಈಗ ಬ್ಯಾಲೆಗೆ ಕಥೆ ಹೇಳಲು ಬಾರದು ಅನ್ನುತ್ತಾರೆ. ಪೆಟಿಪಾ ಮತ್ತು ಇವಾನೊವ್ 1895ರಲ್ಲಿ ಕಟ್ಟಿದ ‘ಸ್ವಾನ್ ಲೇಕ್’ನಲ್ಲಿ ಒಡೆಟ್ ರಾಜಕುಮಾರನಿಗೆ ತನ್ನ ವೃತ್ತಾಂತವನ್ನು ಕೈಸನ್ನೆಯಲ್ಲೇ ಹೇಳುತ್ತಾಳೆ. ಕೈ ಸರೋವರದ ಕಡೆ ಚಾಚುತ್ತದೆ, ಬೆರಳುಗಳು ಕಣ್ಣಿನಿಂದ ಕೆನ್ನೆಯ ಮೇಲೆ ಇಳಿಯುತ್ತವೆ. ಆ ನೀರೆಲ್ಲ ಅವಳ ತಾಯಿಯ ಕಣ್ಣೀರು. ಸೋವಿಯತ್ ಪ್ರಯೋಗಗಳು ಇದನ್ನು ಹಳೆಯ ಜಾಡೆಂದು ತೆಗೆದು ಅಲ್ಲಿ ನೃತ್ಯ ತುಂಬಿದವು. ನಾಲಿಗೆ ಕತ್ತರಿಸಿ ಆಮೇಲೆ ಮೂಗಿ ಎಂದು ಹೆಸರಿಟ್ಟ ಹಾಗಾಯಿತು.

ಅತ್ತೆಯ ಮಾತಿಗೆ ಬರುತ್ತೇನೆ. ‘ಲಾ ಫೀ ಮಾಲ್ ಗಾರ್ದೇ’ಯ ಸಿಮೋನಳನ್ನು ಈ ಮಹನೀಯರು ನೋಡಿಯೇ ಇಲ್ಲವೆ? ದೋಬರ್ವಾಲ್ 1789ರಲ್ಲಿ ಬೋರ್ದೋ ನಗರದಲ್ಲಿ ಆಡಿಸಿದ ಈ ಹಳ್ಳಿಕಥೆಯನ್ನು ಫ್ರೆಡರಿಕ್ ಆಶ್ಟನ್ 1960ರಲ್ಲಿ ಲಂಡನ್ನಿನ ರಾಯಲ್ ಬ್ಯಾಲೆಗೆ ಹೊಸದಾಗಿ ಕಟ್ಟಿದರು. ಸಿಮೋನ್ ವಿಧವೆ, ಗಂಡಸು ಹಾಕುವ ಸ್ತ್ರೀವೇಷ. ಮಗಳು ಲೀಸ್ ಬಡ ರೈತ ಕೊಲಾಸನನ್ನು ಬಯಸಿದರೆ ತಾಯಿಗೆ ಸಾಹುಕಾರನ ಪೆದ್ದು ಮಗ ಅಲೈನ್ ಬೇಕು. ಮಗಳನ್ನು ಕಾಯುತ್ತ ಕೂತ ಸಿಮೋನ್ ತಂಬೂರಿನ್ ಬಡಿಯುತ್ತ ಬಡಿಯುತ್ತ ತೂಕಡಿಸುತ್ತಾಳೆ. ಕೈ ನಿಧಾನವಾಗುತ್ತದೆ, ತಲೆ ಜೋಲುತ್ತದೆ, ಮತ್ತೆ ಬೆಚ್ಚಿ ಬಡಿಯುತ್ತಾಳೆ. ಮದುವೆಗೆ ಬಂದ ಮಗಳಿರುವ ಮನೆಯ ತಾಯಿಯ ದಣಿವು ಅದು. ಇವಳೇ ಕೊಲಾಸನಿಗೆ ಅತ್ತೆಯಾಗುವವಳು ಎಂದು ತಿಳಿಯಲು ಯಾರಿಗೂ ಕರಪತ್ರ ಬೇಕಿಲ್ಲ.

ಇನ್ನೊಂದು ದೃಶ್ಯವಿದೆ. ಅದರ ಮುಂದೆ ನನಗೆ ಇಡೀ ‘ಸ್ಪಾರ್ಟಕಸ್’ ಬ್ಯಾಲೆ ಸಪ್ಪೆ. ತಾಯಿ ಬಾಗಿಲಿಗೆ ಬೀಗ ಹಾಕಿ ಹೋಗಿದ್ದಾಳೆ. ಒಳಗೆ ಲೀಸ್ ಒಬ್ಬಳೇ. ಮುಂದೆ ತನ್ನ ಮದುವೆ, ತನ್ನ ಮಕ್ಕಳು ಎಂದು ಕಲ್ಪಿಸಿಕೊಳ್ಳುತ್ತಾಳೆ. ಒಂದಕ್ಕೆ ಗದರಿಕೆ, ಇನ್ನೊಂದಕ್ಕೆ ತೂಗುವ ತೋಳು. ಆಗ ಪೈರಿನ ಕಟ್ಟುಗಳ ನಡುವಿನಿಂದ ಕೊಲಾಸ್ ಎದ್ದುಬರುತ್ತಾನೆ. ಎಲ್ಲವನ್ನೂ ನೋಡಿಬಿಟ್ಟಿದ್ದಾನೆ! ಅವಳು ನಾಚಿ ಕುಗ್ಗುತ್ತಾಳೆ. ಈ ಅಭಿನಯವನ್ನು ಆಶ್ಟನ್ನರಿಗೆ ಹೇಳಿಕೊಟ್ಟವರು ಹಳೆಯ ಪೀಟರ್ಸ್‌ಬರ್ಗಿನ ನರ್ತಕಿ ತಮಾರಾ ಕರ್ಸಾವಿನಾ. ಬಾಯಿಂದ ಬಾಯಿಗೆ ಹಾಡು ಬಂದಂತೆ ಇದು ಮೈಯಿಂದ ಮೈಗೆ ಬಂದದ್ದು. ಕುಣಿಯುವ ದೇಹಕ್ಕೆ ವರ್ತಮಾನವೊಂದೇ ಗೊತ್ತು ಅನ್ನುವವರು ಇಲ್ಲಿ ಕಣ್ಣು ತೆರೆದು ನೋಡಬೇಕು. ಲೀಸ್‌ಳ ಬರಿಗೈಯಲ್ಲಿ ಇನ್ನೂ ಹುಟ್ಟದ ಮಗುವಿದೆ.

ಭೂತಕಾಲ ಬೇಕಾದವರು ‘ಜಿಸೆಲ್’ನ ಹುಚ್ಚಿನ ದೃಶ್ಯ ನೋಡಲಿ. ಮೊದಲು ಪ್ರಿಯನ ಪಕ್ಕದಲ್ಲಿ ಕೂತು ಕಿತ್ತ ಹೂವಿನ ಎಸಳುಗಳನ್ನೇ ಈಗ ಅವಳು ಮತ್ತೆ ಕೀಳುತ್ತಾಳೆ, ಕೈಯಲ್ಲಿ ಹೂವೇ ಇಲ್ಲ. ಸಂಗೀತ ಕಟ್ಟಿದ ಆದಾನ್‌ನ ಹಳೆಯ ರಾಗವೂ ಮರಳುತ್ತದೆ. ಅವನೊಡನೆ ಕುಣಿದ ಹೆಜ್ಜೆಗಳನ್ನು ಅರೆಬರೆಯಾಗಿ ಇಡುತ್ತಾಳೆ, ಇಟ್ಟಲ್ಲೇ ಮರೆಯುತ್ತಾಳೆ. ನೆನಪು ಮುರಿಯುವ ಬಗೆಯನ್ನು ಇಷ್ಟು ಕಡಿಮೆಯಲ್ಲಿ ಹೇಳಿದ ಕಾದಂಬರಿಯನ್ನು ನಾನು ಓದಿಲ್ಲ. ಇದೂ ನೆಪವೆ?

ಬ್ಯಾಲಂಚೀನರ ಕಥೆಯಿಲ್ಲದ ‘ಅಗಾನ್’ ದೊಡ್ಡ ಕೃತಿಯೇ, ಆದರೂ ನನ್ನ ಎದೆ ಅವರ 1929ರ ‘ಪ್ರಾಡಿಗಲ್ ಸನ್’ ಕಡೆಗೆ ಹೋಗುತ್ತದೆ. ಸೋತ ಮಗ ಮೊಣಕಾಲಲ್ಲಿ ತೆವಳಿಕೊಂಡು ಬರುತ್ತಾನೆ. ಅಪ್ಪ ನಿಂತಲ್ಲಿಂದ ಕದಲುವುದಿಲ್ಲ. ಮಗ ಅವನ ಮೈ ಹಿಡಿದು ಹತ್ತಿ ತೋಳಿನಲ್ಲಿ ಮುದುಡುತ್ತಾನೆ, ಅಪ್ಪ ನಿಲುವಂಗಿ ಹೊದಿಸುತ್ತಾನೆ. ಅಪ್ಪ-ಮಗನ ನಂಟನ್ನು ಹೀಗೆ ತೋರಿಸಿದವರ ಒಂದು ಮಾತನ್ನು ಹಿಡಿದು ಶಿಷ್ಯಕೋಟಿ ಶಾಸನ ಬರೆದುಕೊಂಡಿದೆ.

ಈ ರೋಗ ನಮ್ಮಲ್ಲೂ ಇದೆ, ಹಾಗಾಗಿಯೇ ಇಷ್ಟು ಸಂಕಟ. ನಮ್ಮ ಭರತನಾಟ್ಯ ಸಭೆಗಳಲ್ಲಿ ಜತಿ ಮುಗಿದೊಡನೆ ಚಪ್ಪಾಳೆ ಸಿಡಿಯುತ್ತದೆ. ಪದ, ಜಾವಳಿಗಳ ಹೊತ್ತಿಗೆ ಅರ್ಧ ಸಭೆ ಚಪ್ಪಲಿ ಹುಡುಕುತ್ತಿರುತ್ತದೆ. ಜಟ್ಟಿ ತಾಯಮ್ಮನವರ ಶಿಷ್ಯೆ ವೆಂಕಟಲಕ್ಷಮ್ಮನವರನ್ನು ಕಂಡ ಮೈಸೂರಿನಿಂದ ಬಂದವರೂ ಅಭಿನಯವನ್ನು ಎರಡನೆಯ ದರ್ಜೆಯ ವಿದ್ಯೆ ಎಂಬಂತೆ ಮಾತಾಡುತ್ತಾರೆ. ಕಥೆ ಮಕ್ಕಳಿಗೆ, ಶುದ್ಧ ನೃತ್ತ ಬಲ್ಲವರಿಗೆ ಎಂಬ ಈ ಮೇಲರಿಮೆ ಯಾರು ಕೊಟ್ಟದ್ದು? ಎದುರಿಗಿದ್ದವರ ಮನಸ್ಸು ಓದಲಾರದವರಿಗೆ ಗೆರೆ ನೋಡುವುದು ಸುಲಭ, ಅಷ್ಟೇ.

‘ಫೀ’ ಮುಗಿಯುವಾಗ ಸಿಮೋನ್ ಸೋತು ಒಪ್ಪಿಕೊಳ್ಳುತ್ತಾಳೆ. ಊರೆಲ್ಲ ಕುಣಿಯುತ್ತ ಹೊರಗೆ ಹೋಗುತ್ತದೆ, ಮನೆ ಖಾಲಿ. ಆಗ ಅಲೈನ್ ಕದ್ದು ಒಳಗೆ ಬರುತ್ತಾನೆ. ಹುಡುಗಿ ಕೈತಪ್ಪಿದವನು ಹುಡುಕುವುದು ಮರೆತುಹೋದ ತನ್ನ ಕೊಡೆಯನ್ನು. ಸಿಕ್ಕಿದ ಮೇಲೆ ಅದನ್ನು ಎದೆಗವಚಿಕೊಂಡು, ಮುಖವರಳಿಸಿ ಹೊರಟುಹೋಗುತ್ತಾನೆ.