ಹಿಮ ಹತ್ತಿಸುವ ರೋಮಪಟ್ಟಿ

ಶಾಮೊನಿಯಿಂದ ಜರ್ಮಾಟ್‌ವರೆಗೆ ಆಲ್ಪ್ಸ್ ಹಿಮನದಿಗಳನ್ನು ದಾಟುವ ಓಟ್ ರೂಟ್ ಹಾದಿಯನ್ನು ಸ್ಕೀಯರ್‌ಗಳು 1911ರಲ್ಲೇ ಕ್ರಮಿಸಿದ್ದರು. ಇಂದಿಗೂ ಮಾರ್ಚ್, ಏಪ್ರಿಲ್ ಬಂತೆಂದರೆ ಅಲ್ಲಿ ಸಾಲು. ನೋಡುವವರ ಕಣ್ಣೆಲ್ಲ ಇಳಿಜಾರಿನ ಓಟದ ಮೇಲೆ. ನನ್ನ ಮನ ಸೋತಿರುವುದು ಏರುವಾಗ ಸ್ಕೀಯ ಅಡಿಗೆ ಅಂಟಿಸುವ ರೋಮಪಟ್ಟಿಗೆ.

ಹಿಂದೆ ಅದು ಸೀಲ್ ಚರ್ಮ. ಈಗ ಅಂಗೋರಾ ಮೇಕೆಯ ಮೊಹೇರ್, ನೈಲಾನ್, ಇಲ್ಲವೇ ಎರಡರ ಬೆರಕೆ. ಬೆಕ್ಕಿನ ಬೆನ್ನಿನಂತೆ, ಒಂದು ದಿಕ್ಕಿಗೆ ಸವರಿದರೆ ನುಣುಪು, ಎದುರು ಸವರಿದರೆ ತಡೆ. ಸ್ಕೀ ಮುಂದಕ್ಕೆ ಸಲೀಸಾಗಿ ಜಾರುತ್ತದೆ. ಭಾರ ಬಿದ್ದೊಡನೆ ರೋಮ ಹಿಮವನ್ನು ಕಚ್ಚಿ ಹಿಡಿಯುತ್ತದೆ. ಮೊಹೇರ್ ಜಾರುವುದರಲ್ಲಿ ಮುಂದು, ನೈಲಾನ್ ಬಾಳಿಕೆಯಲ್ಲಿ. ಇನ್ನು ಆ ಅಂಟು! ಕೊರೆಯುವ ಚಳಿಯಲ್ಲೂ ಬಿಗಿಯಾಗಿರಬೇಕು, ಶಿಖರದಲ್ಲಿ ಒಂದೇ ಎಳೆತಕ್ಕೆ ಕಲೆಯುಳಿಸದೆ ಬಿಟ್ಟುಕೊಡಬೇಕು. ನುರಿತವರು ಎರಡು ಏರುಗಳ ನಡುವೆ ಪಟ್ಟಿಯನ್ನು ಜಾಕೆಟ್ಟಿನೊಳಗೆ, ಎದೆಯ ಬಿಸುಪಿನಲ್ಲಿ ಇಟ್ಟುಕೊಳ್ಳುತ್ತಾರೆ. ವಸಂತದ ಹಸಿ ಹಿಮ ಗಡ್ಡೆಗಟ್ಟದಂತೆ ರೋಮಕ್ಕೆ ಮೇಣ ಉಜ್ಜುತ್ತಾರೆ.

ರಾತ್ರಿ ಹೆಪ್ಪುಗಟ್ಟಿದ ಇಳಿಜಾರನ್ನು ನಸುಕಿನಲ್ಲೇ ಏರಬೇಕು. ಬಿಸಿಲಿಗೆ ಮೇಲ್ಪದರವಷ್ಟೇ ಕರಗಿ ಹರಳುಹರಳಾದಾಗ ಇಳಿಯಬೇಕು. ತಡವಾದರೆ ಹಸಿ ಹಿಮಕುಸಿತದ ಅಪಾಯ. ಅದಕ್ಕೇ ಪಳಗಿದ ಕೈಗಳು ಸರ್ರನೆ ಪಟ್ಟಿ ಕಿತ್ತು, ಅಂಟಿಗೆ ಅಂಟು ಕೂಡಿಸಿ ಮಡಚಿ, ನಿಮಿಷಗಳಲ್ಲಿ ಇಳಿಯಲು ಸಜ್ಜಾಗುತ್ತವೆ.