‘ನೈಸ್’: ಪರ್ಯಾಯಪದಗಳ ಪಟ್ಟಿ ಮತ್ತು ಅದರ ಮಿತಿ

ಇಂಗ್ಲಿಷಿನ ‘ನೈಸ್’ ಪದಕ್ಕೆ ‘ಚೆನ್ನಾದ, ಸೊಗಸಾದ, ಹಿತವಾದ, ಸೂಕ್ಷ್ಮವಾದ’ ಎಂದು ಪರ್ಯಾಯಗಳನ್ನು ಒಂದೇ ಸಾಲಿನಲ್ಲಿ ಕೊಡುವ ನಿಘಂಟುಕ್ರಮವು, ಅವು ಎಲ್ಲೆಡೆ ಒಂದರ ಸ್ಥಾನದಲ್ಲಿ ಇನ್ನೊಂದು ನಿಲ್ಲಬಲ್ಲವೆಂಬ ಭ್ರಮೆಗೆ ಎಡೆಮಾಡುತ್ತದೆ. ಪದದ ಚರಿತ್ರೆಯಾಗಲಿ ಬಳಕೆಯಾಗಲಿ ಇದನ್ನು ಸಮರ್ಥಿಸುವುದಿಲ್ಲ.

‘ಅರಿಯದ’ ಎಂಬರ್ಥದ ಲ್ಯಾಟಿನ್ ‘ನೆಸ್ಕಿಯುಸ್’ ಹಳೆಯ ಫ್ರೆಂಚಿನ ಮೂಲಕ ಇಂಗ್ಲಿಷನ್ನು ಹೊಕ್ಕಾಗ ಅದರ ಅರ್ಥ ‘ಮೂರ್ಖ’. 16ನೆಯ ಶತಮಾನದಲ್ಲಿ ‘ಸೂಕ್ಷ್ಮ, ನಿಷ್ಕೃಷ್ಟ’ ಎಂಬ ಅರ್ಥವೂ 18ನೆಯ ಶತಮಾನದಲ್ಲಿ ‘ಹಿತಕರ’ ಎಂಬ ಅರ್ಥವೂ ಕಾಣಿಸಿಕೊಂಡವು. 1817ರ ಕೊನೆಯಲ್ಲಿ ಪ್ರಕಟವಾದ ಜೇನ್ ಆಸ್ಟೆನ್ ಅವರ ‘ನಾರ್ಥ್ಯಾಂಗರ್ ಅಬ್ಬಿ’ಯಲ್ಲಿ ಹೆನ್ರಿ ಟಿಲ್ನಿ, ಎಲ್ಲ ಮೆಚ್ಚುಗೆಗೂ ಈ ಒಂದೇ ಪದ ಸಾಕಾಗುತ್ತಿರುವುದನ್ನು ಗೇಲಿಮಾಡುತ್ತಾನೆ.

ಆದರೂ ನಡುವಣ ಅರ್ಥ ಅಳಿದಿಲ್ಲ. ‘ನೈಸ್ ಡಿಸ್ಟಿಂಕ್ಷನ್’ ಎಂದರೆ ಸೂಕ್ಷ್ಮ ಭೇದ. ಕಾನೂನಿನ ಬರಹದಲ್ಲಿ ‘ನೈಸ್ ಕ್ವೆಶ್ಚನ್’ ಎಂದರೆ ಸುಲಭವಾಗಿ ಬಗೆಹರಿಯದ ನವಿರಾದ ಪ್ರಶ್ನೆ. ಅನುವಾದಕನು ಅದನ್ನು ‘ಒಳ್ಳೆಯ ಪ್ರಶ್ನೆ’ ಎಂದರೆ ತೊಡಕಿನ ಸ್ಥಾನದಲ್ಲಿ ಹೊಗಳಿಕೆ ಕೂರುತ್ತದೆ. ವಾದದ ದಿಕ್ಕೇ ತಪ್ಪುತ್ತದೆ.

ಕನ್ನಡದ ಆಡುಮಾತಿಗೆ ಬಂದ ‘ನೈಸು’ ತನ್ನದೇ ದಾರಿ ಹಿಡಿದಿದೆ. ಹಿಟ್ಟನ್ನು ‘ನೈಸಾಗಿ’ ರುಬ್ಬುತ್ತೇವೆ. ಕೆಲಸಗಳ್ಳನು ‘ನೈಸಾಗಿ’ ಜಾರಿಕೊಳ್ಳುತ್ತಾನೆ. ‘ನೈಸು ಮಾಡು’ ಎಂದರೆ ಪುಸಲಾಯಿಸು. ಇವುಗಳಲ್ಲಿ ಯಾವುದಕ್ಕೂ ‘ಚೆನ್ನಾದ’ ಒಗ್ಗದು. ಇದನ್ನು ಹಳೆಯ ಇಂಗ್ಲಿಷ್ ಅರ್ಥದ ಉಳಿಕೆಯೆಂದು ಭಾವಿಸಬೇಕಾಗಿಲ್ಲ. ನುಣುಪಿನಿಂದ ನಯವಂಚನೆಗೆ ಸಾಗುವ ಅರ್ಥವಿಸ್ತಾರ ಕನ್ನಡದ ‘ನಯ’ಕ್ಕೂ ಪರಿಚಿತವೇ.

ಆದುದರಿಂದ ದ್ವಿಭಾಷಾ ನಿಘಂಟು ಪರ್ಯಾಯಗಳನ್ನು ಹೆಚ್ಚಿಸುವುದಕ್ಕಿಂತ, ಪ್ರತಿಯೊಂದು ಪರ್ಯಾಯವೂ ಯಾವ ನಾಮಪದದೊಡನೆ ಸಲ್ಲುತ್ತದೆಂಬುದನ್ನು ತೋರಿಸುವುದು ಯುಕ್ತ.